ಗಿಟಾರಿನಲ್ಲಿ ಒಂಬತ್ತನೆಯ ಸ್ವರ

ಡೊಂಬಿವಲಿ, ಕಲ್ಯಾಣಗಳ ಗಣೇಶೋತ್ಸವ ಮಂಟಪಗಳಲ್ಲಿ ಗಿಟಾರು ನುಡಿಸುವವರನ್ನು ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಆ ವಾದ್ಯವನ್ನು ಕಲಿಯಹೊರಟ ಕನ್ನಡ ಶಾಲೆಯ ಹುಡುಗನಿಗೆ ಮೊದಲು ಅಡ್ಡಬರುವುದು ಇಂಗ್ಲಿಷ್ ಹೆಸರುಗಳು. ಪುಸ್ತಕದಲ್ಲಿ ‘ಸಿ ನೈನ್’ ಎಂದು ಕಂಡೊಡನೆ, ಇದು ತನಗೆ ನಿಲುಕದ ವಿದ್ಯೆಯೆಂದು ವಾದ್ಯವನ್ನು ಕೆಳಗಿಟ್ಟವರನ್ನು ನಾವು ಬಲ್ಲೆವು. ಹಾರ್ಮೋನಿಯಂ ಮೇಲೆ ಸರಿಗಮ ನುಡಿಸಬಲ್ಲವನಿಗೆ ಈ ಅಂಜಿಕೆ ಸಲ್ಲದು.

ಹಲವು ಸ್ವರಗಳನ್ನು ಒಮ್ಮೆಗೇ ನುಡಿಸಿದರೆ ಅದು ಕಾರ್ಡ್. ‘ಡಾಮಿನೆಂಟ್’ ಎಂಬುದು ನಮ್ಮ ಪಂಚಮವೇ. ಪಂಚಮವನ್ನು ಒಂದೆಂದು ಎಣಿಸುತ್ತ ಹೋಗಿರಿ. ಮೇಲಿನ ಧೈವತವು ಒಂಬತ್ತನೆಯದಾಗುತ್ತದೆ. ಒಂದನ್ನು ಬಿಟ್ಟು ಒಂದನ್ನು ಆರಿಸಿದರೆ ಪ, ನಿ, ರಿ, ಮ, ಧ ಎಂಬ ಐದು ಸ್ವರಗಳು ದೊರೆಯುತ್ತವೆ. ಇವುಗಳಲ್ಲಿ ಷಡ್ಜವಿಲ್ಲ, ಗಾಂಧಾರವೂ ಇಲ್ಲ. ಆದುದರಿಂದಲೇ ಈ ಮೇಳವನ್ನು ಕೇಳಿದ ಕಿವಿಯು ಷಡ್ಜಕ್ಕಾಗಿ ಹಾತೊರೆಯುತ್ತದೆ.

ಎಫ್ ಅನ್ನು ಷಡ್ಜವೆಂದು ಹಿಡಿದರೆ ಸಿ ಅದರ ಪಂಚಮ. ಅತಿ ತೆಳುವಾದ ತಂತಿಯನ್ನು ಮೊದಲನೆಯದೆಂದು ಎಣಿಸಿರಿ. ಐದನೆಯ ತಂತಿಯ ಮೂರನೆಯ ಮೆಟ್ಟಿಲಿನಲ್ಲಿ ನಡುಬೆರಳು: ಅದು ಪ. ನಾಲ್ಕನೆಯ ತಂತಿಯ ಎರಡನೆಯ ಮೆಟ್ಟಿಲಿನಲ್ಲಿ ತೋರುಬೆರಳು: ಅದು ನಿ. ಉಂಗುರಬೆರಳನ್ನು ಮೂರನೆಯ ಮೆಟ್ಟಿಲಿನಲ್ಲಿ ಉಳಿದ ಮೂರು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿರಿ: ಅವು ಕ್ರಮವಾಗಿ ಮ, ಧ, ರಿ. ಆರನೆಯ ತಂತಿಯನ್ನು ಮೀಟಬಾರದು. ಈ ಮಲಗಿದ ಬೆರಳೇ ಕಷ್ಟದ ಭಾಗ. ಬಲವನ್ನು ಹೆಚ್ಚಿಸುವುದಕ್ಕಿಂತ, ಹೆಬ್ಬೆರಳನ್ನು ಕಾಂಡದ ಹಿಂಬದಿಯ ನಡುವಿಗೆ ತಂದು, ಒಂದೊಂದೇ ತಂತಿಯನ್ನು ಮೀಟಿ ಯಾವುದು ಮೂಕವಾಗಿದೆಯೆಂದು ಪರೀಕ್ಷಿಸುವುದು ಲೇಸು. ಒಂದೇ ಕೋಣೆಯ ಚಾಳಿನ ಮನೆಯಲ್ಲಿಯೂ ಇದು ನೆರೆಯವರಿಗೆ ಕೇಳಿಸದಂತೆ ನಡೆಯುತ್ತದೆ!

ಅನಂತರ ಎಫ್‌ಗೆ ಬನ್ನಿರಿ. ನಾಲ್ಕನೆಯ ತಂತಿಯಲ್ಲಿ ಮೂರು, ಮೂರನೆಯದರಲ್ಲಿ ಎರಡು, ಮಿಕ್ಕೆರಡರಲ್ಲಿ ಒಂದನೆಯ ಮೆಟ್ಟಿಲು: ಸ, ಗ, ಪ, ಸ. ನಿಷಾದವು ಷಡ್ಜಕ್ಕೇರಿತು, ಮಧ್ಯಮವು ಗಾಂಧಾರಕ್ಕಿಳಿಯಿತು, ಧೈವತವು ಪಂಚಮದಲ್ಲಿ ನಿಂತಿತು. ಇದನ್ನು ಬಾಯಿಂದ ಹಾಡಿ ನೋಡಿದವನು ಮರೆಯಲಾರ. ಅಮೆರಿಕದ ಟಿ-ಬೋನ್ ವಾಕರ್ 1947ರಲ್ಲಿ ಮುದ್ರಿಸಿದ ‘ಸ್ಟಾರ್ಮಿ ಮಂಡೇ’ ಹಾಡಿನ ಗಿಟಾರಿನಲ್ಲಿ ಒಂಬತ್ತನೆಯ ಸ್ವರದ ಇಂಪನ್ನು ಕೇಳಬಹುದು.

ನಮ್ಮ ಹಾಡುಗಳಿಗೆ ಇದನ್ನು ಕಂಡಕಂಡಲ್ಲಿ ಸೇರಿಸುವುದು ನಮಗೆ ಒಪ್ಪಿಗೆಯಿಲ್ಲ. ಮೋಹನ ರಾಗದಲ್ಲಿ, ಅಂದರೆ ಇಲ್ಲಿಯವರ ಭೂಪಾಲಿಯಲ್ಲಿ, ಮಧ್ಯಮ ನಿಷಾದಗಳು ಇಲ್ಲವೇ ಇಲ್ಲ. ಈ ಮೇಳವಾದರೋ ಅವೆರಡನ್ನೂ ತಂದು ಸುರಿಯುತ್ತದೆ. ಅಂಥ ಹಾಡಿಗೆ ಸ, ಪ ತಂತಿಗಳ ಶ್ರುತಿಯೇ ಸಾಕು.