ಇಂದಿನ ಧಮ್ಮ ಚಿಂತನೆ: ಬಿದ್ದವನ ಉಸಿರು ನೋಡಿ



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯಪಾನ ಮಾಡುವುದಿಲ್ಲ ಎಂಬುದೂ ಒಂದು. ಅದನ್ನು ಪಾಲಿಸಲಾಗದೆ ಬಿದ್ದವನ ಮುಂದೆ ನಮ್ಮ ಧಮ್ಮವೇನು?

ನಮ್ಮ ಶಿವಪುರದಲ್ಲಿ ಒಂದು ಮದುವೆಯ ರಾತ್ರಿ, ವಿಪರೀತ ಕುಡಿದಿದ್ದ ಸೋದರಳಿಯನನ್ನು ಜಗಲಿ ಮೇಲೆ ಅಂಗಾತ ಮಲಗಿಸಿ, "ಇಳಿದ ಮೇಲೆ ಏಳ್ತಾನೆ ಬಿಡಿ" ಎಂದವನು ನಾನೇ. ವಾಂತಿ ಉಸಿರಿಗೆ ಅಡ್ಡವಾಯಿತು. ಬೆಳಗ್ಗೆ ಅವನು ಏಳಲಿಲ್ಲ.

ಆಮೇಲೆ ಕಲಿತದ್ದು ಇದು. ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಿದ್ದರೆ, ಗೊರಗೊರ ಸದ್ದು ಬಂದರೆ, ತುಟಿ, ಉಗುರು ನೀಲಿಯಾದರೆ ಅದು ನಿದ್ದೆಯಲ್ಲ.

▪️ ತಕ್ಷಣ 108ಕ್ಕೆ ಕರೆ ಮಾಡಿ.
▪️ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಇರಿ.
▪️ ಮಜ್ಜಿಗೆ, ನಿಂಬೆರಸ, ಕಾಫಿ ಕುಡಿಸಬೇಡಿ. ವಾಂತಿ ಮಾಡಿಸಬೇಡಿ.
▪️ ಉಸಿರು ನಿಂತರೆ ಎದೆಯ ನಡುವೆ ಬಲವಾಗಿ, ಬೇಗಬೇಗ ಒತ್ತುತ್ತಿರಿ.
▪️ ಮಾತ್ರೆ ನುಂಗಿದ್ದರೆ ಖಾಲಿ ಪಟ್ಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಮರ್ಯಾದೆಗೆ ಅಂಜಿ ವೈದ್ಯರಿಗೆ ಸುಳ್ಳು ಹೇಳಬೇಡಿ.
▪️ ಕುಡಿದವನ ಕಣ್ಣು ಮಂಜಾದರೆ ಕಾಯಬೇಡಿ. ಅದು ಮಿಥೆನಾಲ್ ವಿಷವಿರಬಹುದು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಅಂಥ ಕಳ್ಳಭಟ್ಟಿಯೇ.

ತನ್ನ ಮಲದಲ್ಲೇ ಬಿದ್ದಿದ್ದ ರೋಗಿ ಭಿಕ್ಷುವನ್ನು ಬುದ್ಧರು ಆನಂದರೊಡನೆ ತಾವೇ ತೊಳೆದರು. ಅವನಿಂದ ತಮಗೇನೂ ಉಪಕಾರವಿಲ್ಲವೆಂದು ಉಳಿದ ಭಿಕ್ಷುಗಳು ಅವನನ್ನು ಬಿಟ್ಟಿದ್ದರು. ಆ ರಾತ್ರಿ ನಾನೂ ಆ ಉಳಿದವರಲ್ಲಿ ಒಬ್ಬನಾಗಿದ್ದೆ.

ಐದನೇ ಶೀಲ ನಮ್ಮನ್ನು ಕಾಯಲಿ. ಅದು ತಪ್ಪಿದವನನ್ನು ನಾವು ಕಾಯೋಣ. ಚಟ ಬಿಡಲು ನೆರವು ಬೇಕಾದವರಿಗೆ ಉಚಿತ ಸಹಾಯವಾಣಿ: 14446.

ಭವತು ಸಬ್ಬ ಮಂಗಲಂ 🙏