ಮಗುವಿಗೆ ಮನೆಯಲ್ಲಿ ಓದಲು ಕಲಿಸಬಹುದೇ?

ಒಂದು ಸಂಜೆ ಮದ್ರಸಾ ಬಿಟ್ಟು ಮಕ್ಕಳೆಲ್ಲ ಹೊರಟ ಮೇಲೆ ಒಬ್ಬ ತಾಯಿ ಮಗನ ಕೈಹಿಡಿದು ಬಾಗಿಲ ಬಳಿ ನಿಂತಿದ್ದರು. "ಉಸ್ತಾದ್, ಇವನು ಮೂರನೇ ತರಗತಿ. ಕನ್ನಡ ಪಾಠವನ್ನೆಲ್ಲ ಪಟಪಟನೆ ಹೇಳುತ್ತಾನೆ. ಆದರೂ ಓದಲು ಬರುವುದಿಲ್ಲ ಎಂದು ಟೀಚರ್ ಹೇಳುತ್ತಾರೆ. ಇದು ಹೇಗೆ?" ಎಂದು ಕೇಳಿದರು.

ನಾನು ಪುಸ್ತಕ ತೆರೆದು ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟೆ. ಹುಡುಗ ಪಾಠದ ಮೊದಲ ಸಾಲಿನಿಂದ ಹೇಳತೊಡಗಿದ. ಆ ಪದವನ್ನು ತಲುಪಲು ಅವನಿಗಿದ್ದುದು ಅದೊಂದೇ ದಾರಿ. ಅವನು ಓದುತ್ತಿರಲಿಲ್ಲ, ಕೇಳಿದ್ದನ್ನು ನೆನಪಿನಿಂದ ಒಪ್ಪಿಸುತ್ತಿದ್ದ.

"ಮನೆಯಲ್ಲಿ ದಿನವೂ ಸ್ವಲ್ಪ ಹೊತ್ತು ನೀವೇ ಕಲಿಸಿ" ಎಂದೆ. ಆ ತಾಯಿ ಗಾಬರಿಯಾದರು. "ನಾನೇ? ಐದನೆಯದಕ್ಕೆ ಶಾಲೆ ಬಿಟ್ಟವಳು ನಾನು!"

ಓದುಗರೇ, ಈ ಅಳುಕು ಆ ತಾಯಿಯೊಬ್ಬರದಲ್ಲ. ಹೆತ್ತವರು ನನ್ನ ಮುಂದಿಡುವ ಸಂಶಯಗಳನ್ನು ಒಂದೊಂದಾಗಿ ನೋಡೋಣ.

ನನಗೇ ಸರಿಯಾಗಿ ಬಾರದು, ಹೇಗೆ ಕಲಿಸಲಿ?

ಆ ತಾಯಿಯನ್ನು ನಾನು ಮರುಪ್ರಶ್ನಿಸಿದೆ. "ನೀವು ಕುರ್‌ಆನ್ ಓದುತ್ತೀರಲ್ಲವೇ?" "ಅಲ್‌ಹಮ್ದುಲಿಲ್ಲಾಹ್, ದಿನಾಲೂ ಓದುತ್ತೇನೆ." ಹಾಗಾದರೆ ಅಕ್ಷರ ಕೂಡಿಸಿ ಓದುವ ಗುಟ್ಟು ಅವರಿಗೆ ಆಗಲೇ ಗೊತ್ತಿದೆ. 'ಬಾ' ಎಂಬ ಅಕ್ಷರಕ್ಕೆ ಫತಹ್ ಬಂದರೆ ಬ, ಕಸ್ರ್ ಬಂದರೆ ಬಿ, ದಮ್ಮ್ ಬಂದರೆ ಬು. ಉರ್ದು ಮನೆಗಳಲ್ಲಿ ಇವನ್ನೇ ಝಬರ್, ಝೇರ್, ಪೇಶ್ ಎನ್ನುತ್ತಾರೆ. ಮುಂದೆ ಅಲಿಫ್, ಯಾ, ವಾವ್ ಸೇರಿದರೆ ಬಾ, ಬೀ, ಬೂ. ಕನ್ನಡದ ಕಾಗುಣಿತವೂ ಇದೇ ತಾನೆ? ಅಕ್ಷರದ ಮೈ ಒಂದೇ, ಗುರುತು ಬದಲಾದಂತೆ ಸ್ವರ ಬದಲಾಗುತ್ತದೆ. ಶದ್ದ್ ಬಂದಾಗ ಅಕ್ಷರವನ್ನು ಒತ್ತಿ ಎರಡಾಗಿ ಓದುತ್ತೇವೆ. 'ಅಮ್ಮ', 'ಅಕ್ಕ' ಎಂಬಲ್ಲಿ ಕನ್ನಡವು ಅದನ್ನೇ ಕೆಳಗೆ ಒತ್ತಕ್ಷರವಾಗಿ ಬರೆಯುತ್ತದೆ. ಒಂದು ಬಲಗಡೆಯಿಂದ ಸಾಗುತ್ತದೆ, ಇನ್ನೊಂದು ಎಡಗಡೆಯಿಂದ. ಕೂಡಿಸುವ ಕೆಲಸ ಎರಡರಲ್ಲೂ ಒಂದೇ.

ಕಲಿಸುವವನು ದೊಡ್ಡ ವಿದ್ವಾಂಸನಾಗಿರಬೇಕೆಂದಿಲ್ಲ. ಬದ್ರ್ ಯುದ್ಧದ (624) ಬಳಿಕ ವಿಮೋಚನಾ ಧನ ಕೊಡಲಾಗದ, ಆದರೆ ಓದುಬರಹ ಬಲ್ಲ ಕೈದಿಗಳಿಗೆ ಮದೀನಾದ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಷರತ್ತಾಗಿ ಪ್ರವಾದಿವರ್ಯರು(ಸ) ವಿಧಿಸಿದರೆಂದು ಚರಿತ್ರೆಯ ಗ್ರಂಥಗಳಲ್ಲಿದೆ. ಆ ಕೈದಿಗಳ ಬಳಿಯಿದ್ದುದು ಅಕ್ಷರ ಮಾತ್ರ. ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರೆಯಲು ಕಲಿಸಿದ ವಿಷಯ ಹದೀಸಿನಲ್ಲಿದೆ. ಬಲ್ಲಷ್ಟನ್ನು ಕಲಿಸುವುದು ಸಣ್ಣ ಕೆಲಸವಲ್ಲ.

ಶಾಲೆಯ ಕ್ರಮ ಬೇರೆಯಾಗಿದ್ದರೆ ಗೊಂದಲವಾಗದೇ?

ನಾವು ಕಲಿತದ್ದು ಅ ಆ ಇ ಈ ಎಂದು 49 ಅಕ್ಷರಗಳ ವರ್ಣಮಾಲೆಯನ್ನು. ಮಗುವಿನ ಪುಸ್ತಕದಲ್ಲಿ ರ, ಗ, ಸ, ದ, ಅ ಎಂದು ಆರಂಭವಾದರೆ ಹಲವರು ಬೆಚ್ಚಿಬೀಳುತ್ತಾರೆ. ಇದರಲ್ಲಿ ಅರ್ಥವಿದೆ. ಇವು ಬರೆಯಲು ಸುಲಭವಾದ, ರೂಪದಲ್ಲಿ ಹತ್ತಿರವಾದ ಅಕ್ಷರಗಳು. ಈ ಐದನ್ನೇ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮೊದಲ ಪದವನ್ನು ಓದಲು ಬಹಳ ದಿನ ಕಾಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ 'ನಲಿ ಕಲಿ' ಪದ್ಧತಿಯೂ ಆಟ, ಹಾಡು, ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ. ಆದ್ದರಿಂದ ಮಗುವಿನ ಪುಸ್ತಕವನ್ನೇ ತೆರೆಯಿರಿ, ಅದರ ಕ್ರಮದಲ್ಲೇ ಸಾಗಿರಿ. ವರ್ಣಮಾಲೆಯನ್ನು ಬಾಯಿಪಾಠವಾಗಿ ಪ್ರತ್ಯೇಕ ಹೇಳಿಸಿದರೆ ತೊಂದರೆಯಿಲ್ಲ.

ಮನೆಮಾತು ಬೇರೆಯಲ್ಲವೇ?

ಬ್ಯಾರಿ, ನವಾಯತಿ, ಉರ್ದು ಆಡುವ ಮನೆಗಳಿಂದ ಈ ಪ್ರಶ್ನೆ ಬರುತ್ತದೆ. ಮಗುವಿಗೆ ಅರ್ಥ ತಿಳಿಯದ ಪದವನ್ನು ಓದಿಸಿದರೆ ಅದು ಬರೀ ಸದ್ದಾಗುತ್ತದೆ. ಆದುದರಿಂದ ಓದಿದ ಪದದ ಅರ್ಥವನ್ನು ನಿಮ್ಮ ಮನೆಮಾತಿನಲ್ಲೇ ಹೇಳಿರಿ, ಸಾಧ್ಯವಾದರೆ ವಸ್ತುವನ್ನೇ ತೋರಿಸಿರಿ. ಉರ್ದುವಿನಲ್ಲಿ ಣ ಮತ್ತು ಳ ಸದ್ದುಗಳಿಲ್ಲದ್ದರಿಂದ ಮಗು 'ಮಳೆ'ಯನ್ನು 'ಮಲೆ' ಎನ್ನಬಹುದು. ಗದರಬೇಡಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಕೇಳಿಸಿರಿ. ಅದೇ ಮಗುವಿಗೆ ಖ, ಘ, ಧ, ಭ ಮುಂತಾದ ಮಹಾಪ್ರಾಣಗಳು ಸಲೀಸಾಗಿ ಬರುತ್ತವೆ. ಅವು ಉರ್ದುವಿನಲ್ಲಿವೆ.

ಸಮಯವೆಲ್ಲಿದೆ? ಮಗು ಕೂರುವುದೇ ಇಲ್ಲ!

ಗಂಟೆಗಟ್ಟಲೆ ಕೂರಿಸಬೇಕೆಂದು ಯಾರು ಹೇಳಿದರು? ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ದಿನವೂ ಇರಲಿ. ಮಗ್ರಿಬ್ ನಮಾಝಿನ ಬಳಿಕ ಫೋನನ್ನು ದೂರವಿಟ್ಟು ಕುಳಿತುಕೊಳ್ಳಿ. ಮೊದಲು ನಿನ್ನೆಯ ಪದಗಳನ್ನು ಓದಿಸಿರಿ. ಬಳಿಕ ಒಂದೇ ಒಂದು ಹೊಸ ಅಕ್ಷರ ಅಥವಾ ಗುರುತನ್ನು ಕಲಿಸಿರಿ. ಅದನ್ನು ಹಳೆಯ ಅಕ್ಷರಗಳೊಂದಿಗೆ ಕೂಡಿಸಿ ನಾಲ್ಕು ಪದ ಮಾಡಿರಿ. ಕೊನೆಗೆ ಒಂದು ಸಣ್ಣ ಕಥೆಯನ್ನು ಸಾಲಿನಡಿ ಬೆರಳು ಸರಿಸುತ್ತಾ ನೀವೇ ಓದಿ ಹೇಳಿರಿ. ಓದು ಬಾರದಿದ್ದರೆ ಮನೆಯಲ್ಲಿ ಹಿರಿಯ ಮಕ್ಕಳಿದ್ದಾರೆ, ಅವರಿಂದ ಓದಿಸಿರಿ.

ಮಗು ನಿಜವಾಗಿ ಓದುತ್ತಿದೆಯೋ, ನೆನಪಿನಿಂದ ಹೇಳುತ್ತಿದೆಯೋ ಎಂದು ತಿಳಿಯಲು ಪದಗಳನ್ನು ಚೀಟಿಗಳಲ್ಲಿ ಬರೆದು ಕಲಸಿಬಿಡಿ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ತುಂಡು, ಎಲ್ಲವೂ ಪುಸ್ತಕವೇ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಬರೆಯುವ ನಾನು ಸ್ವತಃ ಎಡವಿದವನು. ನನ್ನ ಮಗಳಿಗೆ ಐದು ವರ್ಷವಾದಾಗ ನಾನೇ ಕಲಿಸಲು ಕುಳಿತೆ. ನೆರೆಮನೆಯ ಮಗು ಆಗಲೇ ಸಾಲು ಓದುತ್ತಿತ್ತು. ನನ್ನ ಮಗಳು ಒಂದೇ ಅಕ್ಷರವನ್ನು ದಿನವೂ ಮರೆಯುತ್ತಿದ್ದಳು. "ಉಸ್ತಾದರ ಮಗಳಾಗಿ ಇಷ್ಟೂ ಬಾರದೇ?" ಎಂದು ಒಂದು ದಿನ ಗದರಿದೆ. ಮರುದಿನ ಪುಸ್ತಕ ಕಾಣಲಿಲ್ಲ. ಹುಡುಕಿದಾಗ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಬಚ್ಚಿಟ್ಟವಳು ಅವಳೇ. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನಾನು ನಾಚಿದೆ. ಮದ್ರಸಾದಲ್ಲಿ ಅನ್ಯರ ಮಕ್ಕಳಿಗೆ ತೋರುವ ತಾಳ್ಮೆಯನ್ನು ಸ್ವಂತ ಮಗಳಿಗೆ ತೋರಿರಲಿಲ್ಲ. ಅವಳಿಗಿಂತ ನನ್ನ ಮರ್ಯಾದೆಯೇ ನನಗೆ ಹೆಚ್ಚಾಗಿತ್ತು.

ಕೆಲವು ವಾರ ಅಕ್ಷರದ ಮಾತನ್ನೇ ಎತ್ತದೆ ರಾತ್ರಿ ಕಥೆ ಮಾತ್ರ ಓದಿ ಹೇಳಿದೆ. ಒಂದು ರಾತ್ರಿ ಅವಳೇ ನನ್ನ ಬೆರಳನ್ನು ಸರಿಸಿ ತನ್ನ ಬೆರಳಿಟ್ಟು, "ಇದು ಸ ಅಲ್ವಾ ಅಬ್ಬಾ?" ಎಂದಳು. ನಿಂತಿದ್ದ ಪಾಠ ಅಲ್ಲಿಂದ ಮುಂದೆ ಸಾಗಿತು.

ಆದುದರಿಂದ ಕೋಪ ಬಂದ ದಿನ ಪುಸ್ತಕ ಮುಚ್ಚಿಬಿಡಿ. ಒಂದು ದಿನದ ಪಾಠ ತಪ್ಪಿದರೆ ನಷ್ಟವಿಲ್ಲ, ಪುಸ್ತಕದ ಭಯ ಹುಟ್ಟಿದರೆ ದೊಡ್ಡ ನಷ್ಟ. ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದರೂ ಅಕ್ಷರ ಗುರುತಿಸಲು ಕಷ್ಟಪಡುವ ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಿರಿ, ಶಿಕ್ಷಕರೊಂದಿಗೆ ಮಾತನಾಡಿರಿ. ಜಾಣ ಮಕ್ಕಳಲ್ಲೂ ಕೆಲವರಿಗೆ ಓದುವುದೇ ಒಂದು ತೊಡಕಾಗಿರುತ್ತದೆ. ಅದು ಸೋಮಾರಿತನವಲ್ಲ.

ಮೂರು ತಿಂಗಳ ಬಳಿಕ ಆ ತಾಯಿ ಮಗನನ್ನು ಪುನಃ ಕರೆತಂದರು. ಹಿಂದಿನಂತೆ ಪಾಠದ ನಡುವೆ ಬೆರಳಿಟ್ಟೆ. ಪದ 'ಮರ' ಎಂದಿತ್ತು. ಹುಡುಗ ಸ್ವಲ್ಪ ಹೊತ್ತು ನೋಡಿ "ವರ" ಎಂದ. ತಾಯಿಯ ಮುಖ ಬಾಡಿತು. ನನಗೋ ಸಂತೋಷವಾಯಿತು. ಅವನು ಮೊದಲ ಸಾಲಿಗೆ ಓಡಿಹೋಗಲಿಲ್ಲ! ವ ಮತ್ತು ಮ ಒಂದೇ ಮೈಯ ಅಕ್ಷರಗಳು, ಬಾಲವೊಂದೇ ವ್ಯತ್ಯಾಸ. ಅವನ ಕಣ್ಣು ಅಕ್ಷರವನ್ನು ನೋಡಲು ಕಲಿತಿತ್ತು. "ಬಾಲ ನೋಡು" ಎಂದೆ. "ಮ... ಮರ" ಎಂದು ತಾನೇ ತಿದ್ದಿಕೊಂಡ.

ಅವನಿಗೆ ಇಷ್ಟನ್ನು ಕಲಿಸಿದ್ದು ಐದನೆಯದಕ್ಕೆ ಶಾಲೆ ಬಿಟ್ಟ ಆ ತಾಯಿ. ನೀವೂ ಇಂದೇ ಆರಂಭಿಸಿರಿ. ನಮ್ಮ ಮಕ್ಕಳ ಜ್ಞಾನವನ್ನೂ ನಮ್ಮ ತಾಳ್ಮೆಯನ್ನೂ ಅಲ್ಲಾಹನು ಹೆಚ್ಚಿಸಲಿ, ಆಮೀನ್.