ಸಮಾಧಾನಕ್ಕೊಬ್ಬರು, ಸಲಹೆಗೆ ಇನ್ನೊಬ್ಬರು

ಮದುವೆ ಮುರಿದಾಗ ಎರಡು ಬಗೆಯ ಆಸರೆ ಒಟ್ಟಿಗೇ ಬೇಕಾಗುತ್ತದೆ. ಅಳುವಾಗ ಪಕ್ಕದಲ್ಲಿ ಕೂರುವವರು ಬೇಕು. ಮುಂದಿನ ತಿಂಗಳ ಬಾಡಿಗೆ ಹೇಗೆ, ಮಗುವಿನ ಫೀಸು ಯಾರು ಕಟ್ಟಬೇಕು, ವಕೀಲರ ಹತ್ತಿರ ಏನೇನು ಒಯ್ಯಬೇಕು ಎಂದು ಹೇಳಬಲ್ಲವರೂ ಬೇಕು. ಇವೆರಡನ್ನೂ ಒಬ್ಬರಿಂದಲೇ ಬಯಸಬಾರದು ಎನ್ನುವುದು ಈ ದಾರಿ ನನಗೆ ಕಲಿಸಿದ ಪಾಠಗಳಲ್ಲೆಲ್ಲ ದೊಡ್ಡದು. ನಮ್ಮಲ್ಲಿ ಎರಡೂ ಹೊಣೆ ಬೀಳುವುದು ಹೆತ್ತವರ ಮೇಲೆ, ಇಲ್ಲವೇ ಎರಡೂ ಕಡೆಯ ಹಿರಿಯರ ಮೇಲೆ. ಅವರ ಪ್ರೀತಿಗೆ ಕೊರತೆಯಿಲ್ಲ. ಆದರೆ ಮಗಳ ಸಂಸಾರ ಒಡೆಯುವುದನ್ನು ನೋಡುತ್ತಿರುವ ತಾಯಿಗೆ ತನ್ನದೇ ಭಯಗಳಿರುತ್ತವೆ: ಕಿರಿಯ ಮಗಳ ಮದುವೆ, ನೆಂಟರ ಮಾತು, ತಾವಿಲ್ಲದ ಮೇಲೆ ಇವಳ ಗತಿ. ಅಣ್ಣನಿಗೆ ಸಿಟ್ಟಿರುತ್ತದೆ. ತಾಯಿಯ ಭಯ ‘ಹೇಗೋ ಹೊಂದಿಕೊಂಡು ಹೋಗಮ್ಮ’ ಎನ್ನುತ್ತದೆ, ಅಣ್ಣನ ಸಿಟ್ಟು ‘ನಾಳೆನೇ ಕೇಸ್ ಹಾಕು’ ಎನ್ನುತ್ತದೆ. ಎರಡೂ ಸಲಹೆಯಂತೆ ಕೇಳಿಸಿದರೂ ಮಾತಾಡುತ್ತಿರುವುದು ಅವರವರ ನೋವು. ಆ ನೋವನ್ನು ಗೌರವಿಸೋಣ, ಆದರೆ ಅದರ ಮಾತು ಕೇಳಿ ಕಾಗದಕ್ಕೆ ಸಹಿ ಹಾಕುವುದು ಬೇಡ.

ಸಹಿಯ ಮಾತು ಸುಮ್ಮನೆ ಬಂದದ್ದಲ್ಲ. ನೋಟರಿ ಎದುರು ನಡೆಯುವ ‘ಬಾಂಡ್ ಪೇಪರ್ ಡೈವೋರ್ಸ್’ ನಮ್ಮ ಊರುಗಳಲ್ಲಿ ಇಂದಿಗೂ ನಿಂತಿಲ್ಲ. ಹಿರಿಯರು ಕೂತು, ಒಡವೆ ಮತ್ತು ದುಡ್ಡಿನ ಲೆಕ್ಕ ಮುಗಿಸಿ, ಛಾಪಾ ಕಾಗದದ ಮೇಲೆ ಇಬ್ಬರ ಸಹಿ ಹಾಕಿಸುತ್ತಾರೆ. ಕೋರ್ಟಿಗೆ ಅಲೆಯುವುದು ತಪ್ಪಿತು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ಮದುವೆ ಕೋರ್ಟಿನ ಡಿಕ್ರಿಯಿಂದಲೇ ಕೊನೆಯಾಗಬೇಕು. ತಮ್ಮ ಸಮುದಾಯದಲ್ಲಿ ಬಿಡುಗಡೆಯ ರೂಢಿ ಇದೆಯೆಂದು ಸಾಬೀತು ಮಾಡಬಲ್ಲವರಿಗೆ ಮಾತ್ರ ವಿನಾಯಿತಿ. ಉಳಿದವರು ಆ ಕಾಗದ ನಂಬಿ ಮರುಮದುವೆಯಾದರೆ ಆ ಮದುವೆ ಊರ್ಜಿತವಾಗುವುದಿಲ್ಲ. ಇತ್ತ ಸುಮ್ಮನೆ ಕಾಯುವುದಕ್ಕೂ ಬೆಲೆ ತೆರಬೇಕು. 2020ರಲ್ಲಿ ರಜನೀಶ್ ಮತ್ತು ನೇಹಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಿಸಬೇಕು ಎಂದಿತು. ಹಾಗಾದರೆ ‘ಇನ್ನೊಂದು ಸಲ ಕೂತು ಮಾತಾಡೋಣ’ ಎಂದು ಅರ್ಜಿಯನ್ನೇ ಹಾಕದೆ ಕಳೆದ ತಿಂಗಳುಗಳ ಖರ್ಚು ಯಾರ ತಲೆಗೆ? ಬಹುಮಟ್ಟಿಗೆ ತವರಿನವರ ತಲೆಗೇ.

ಅದೇ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಈ ಪ್ರಮಾಣಪತ್ರ ಎಂಥದ್ದೆಂದು ಹತ್ತಿರದಿಂದ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಸಂಬಳ, ಬ್ಯಾಂಕ್ ಖಾತೆಗಳು, ಪಿಎಫ್, ವಿಮೆ, ಒಡವೆ, ಗಾಡಿ, ಸಾಲದ ಕಂತು, ಮನೆ ಖರ್ಚು, ಔಷಧಿ, ಮಕ್ಕಳ ಓದು, ಎಲ್ಲವನ್ನೂ ಅದರಲ್ಲಿ ಬರೆಯಬೇಕು, ಸಾಧ್ಯವಾದಷ್ಟಕ್ಕೆ ದಾಖಲೆ ಕೊಡಬೇಕು. ಇದನ್ನು ಕಣ್ಣೀರು ಒರೆಸಿಕೊಳ್ಳುತ್ತಾ ತುಂಬಲಾಗದು. ‘ಫೀಸಿನ ರಸೀದಿ ಎಲ್ಲಿ? ಬಳೆಯ ಬಿಲ್ಲು ಯಾರ ಹೆಸರಲ್ಲಿದೆ? ಈ ಖಾತೆಯ ಪಾಸ್‌ಬುಕ್ ಯಾರ ಹತ್ತಿರ ಇದೆ?’ ಎಂದು ಒಂದೊಂದಾಗಿ ಕೇಳಿ ಫೈಲಿಗೆ ಸೇರಿಸುವ ಒಬ್ಬರು ಪಕ್ಕದಲ್ಲಿರಬೇಕು. ಅವರು ಆಪ್ತರೇ ಆಗಬೇಕೆಂದಿಲ್ಲ. ಲೆಕ್ಕ ಬಲ್ಲ ಸಹೋದ್ಯೋಗಿ, ಕಚೇರಿ ಕೆಲಸ ಗೊತ್ತಿರುವ ನೆರೆಮನೆಯವರು ತಾಯಿಗಿಂತ ಚೆನ್ನಾಗಿ ಈ ಕೆಲಸ ಮಾಡಬಲ್ಲರು, ಏಕೆಂದರೆ ಬಳೆಯ ಬಿಲ್ಲು ನೋಡಿ ಅವರಿಗೆ ಮದುವೆಯ ದಿನ ನೆನಪಾಗುವುದಿಲ್ಲ.

ನ್ಯಾಯವ್ಯವಸ್ಥೆ ಈ ಕೆಲಸಗಳನ್ನು ಬೇರೆಬೇರೆ ಕೈಗಳಲ್ಲೇ ಇಟ್ಟಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಆಪ್ತಸಮಾಲೋಚಕರಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಅಂಥಲ್ಲಿ ಮಧ್ಯಸ್ಥಗಾರರ ಮುಂದೆ ಆಡಿದ ಮಾತು ಗೋಪ್ಯ, ನ್ಯಾಯಾಧೀಶರಿಗೆ ತಲುಪುವುದು ರಾಜಿ ಆಯಿತೇ ಇಲ್ಲವೇ ಎಂಬುದಷ್ಟೇ. ಮನಸ್ಸು ಬಿಚ್ಚಿ ಮಾತಾಡುವ ಜಾಗದಲ್ಲೇ ತೀರ್ಪೂ ಆಗುವುದಾದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಮನೆಯ ಮಟ್ಟಿಗೂ ಇದು ನಿಜ. ಸಮಾಧಾನ ಹೇಳಬೇಕಾದವರು ‘ನಿನ್ನದೂ ಸ್ವಲ್ಪ ತಪ್ಪಿದೆ’ ಎಂದು ತೀರ್ಮಾನಕ್ಕಿಳಿದ ದಿನ, ನೊಂದವರು ಅವರಿಗೆ ಅರ್ಧವನ್ನಷ್ಟೇ ಹೇಳತೊಡಗುತ್ತಾರೆ. ಆಮೇಲೆ ಆ ಅರ್ಧ ಸತ್ಯದ ಮೇಲೆಯೇ ಸಲಹೆಗಳು ಬರುತ್ತವೆ. ಇನ್ನು ಮಕ್ಕಳನ್ನಂತೂ ಈ ಎರಡು ಕೆಲಸಕ್ಕೂ ಎಳೆಯಕೂಡದು. ‘ಅಪ್ಪ ಏನಂದ್ರು?’ ಎಂದು ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವುದು, ರಾತ್ರಿ ಮಗಳ ಮುಂದೆ ದುಃಖ ತೋಡಿಕೊಳ್ಳುವುದು ಹತ್ತಿರವಾಗುವ ಬಗೆಯೆಂದು ಅನ್ನಿಸಬಹುದು. ಮಗುವಿಗೆ ಅದು ಹೊರಲಾರದ ಭಾರ.

‘ಇದೆಲ್ಲ ಬೆಂಗಳೂರಿನವರಿಗೆ ಸರಿ. ಹಳ್ಳಿಯಲ್ಲಿ ಇರುವುದೇ ಅಪ್ಪ, ಅಮ್ಮ, ಮಾವ. ಅಷ್ಟು ಜನರನ್ನು ಎಲ್ಲಿಂದ ತರುವುದು?’ ಎಂಬ ಆಕ್ಷೇಪ ಬರುತ್ತದೆ. ಇದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ತಿ ಸತ್ಯವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಮನಸ್ಸಿನ ಮಾತಿಗೆ 14416 ಇದೆ: 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಹಿರಿಯರ ಪಂಚಾಯ್ತಿಗೆ ಕಾಯಲೇಬಾರದು. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181 ಇವೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿ ಇದ್ದಾರೆ. ಹಳ್ಳಿಯಲ್ಲಿ ನಿಜಕ್ಕೂ ಕಷ್ಟವಾಗುವುದು ಕಚೇರಿಗೆ ಜೊತೆಗೆ ಬರುವವರು ಸಿಗದಿರುವುದು. ರೇಷನ್ ಕಾರ್ಡನ್ನೇ ನೋಡಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಸೇರುವುದು ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ನಮೂದಾದವರಿಗೆ. ಕೂಡುಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ತವರಿಗೆ ಬಂದ ಸೊಸೆ ಅಲ್ಲಿಂದ ಹೆಸರು ತೆಗೆಸಿ ತನ್ನ ಮತ್ತು ಮಕ್ಕಳ ಹೆಸರಲ್ಲಿ ಬೇರೆ ಕಾರ್ಡ್ ಮಾಡಿಸಿಕೊಳ್ಳುವವರೆಗೆ ಆ ಹಣವೂ ಇಲ್ಲ, ಅಕ್ಕಿಯೂ ಇಲ್ಲ. ಈ ಅಲೆದಾಟಕ್ಕೆ ಸಂಘದ ಗೆಳತಿಯೊಬ್ಬಳು ಜೊತೆಯಾದರೆ ಅದೇ ದೊಡ್ಡ ಆಸರೆ. ಇರುವ ಮೂವರಲ್ಲೂ ಕೆಲಸ ಹಂಚಬಹುದು: ಅಮ್ಮ ಕೇಳಿಸಿಕೊಳ್ಳಲಿ, ಮಾವ ಕಚೇರಿಗೆ ಬರಲಿ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಆಸರೆ ಇಷ್ಟು ಸುಲಭವಾಗಿ ಸಿಕ್ಕರೆ ಸಂಸಾರಗಳು ಒಡೆಯುವುದೂ ಸುಲಭವಾಗುವುದಿಲ್ಲವೇ? ಈ ಕಳವಳ ಪ್ರಾಮಾಣಿಕವಾದದ್ದೇ. ಆದರೆ 2011ರ ಜನಗಣತಿ ಬೇರೆ ಚಿತ್ರ ಕೊಡುತ್ತದೆ: ವಿಚ್ಛೇದಿತರಿಗಿಂತ, ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುವವರ ಸಂಖ್ಯೆಯೇ ಹೆಚ್ಚುಕಡಿಮೆ ಮೂರು ಪಟ್ಟು. ನೆರವು ಇಲ್ಲದಿದ್ದರೂ ಜನ ಬೇರೆಯಾಗುತ್ತಾರೆ, ಆದರೆ ಡಿಕ್ರಿಯಿಲ್ಲದೆ, ಜೀವನಾಂಶವಿಲ್ಲದೆ ನಡುನೀರಿನಲ್ಲಿ ಉಳಿಯುತ್ತಾರೆ. ಮರಳಿ ಕೂಡುವ ಅವಕಾಶವನ್ನಂತೂ ಕಾನೂನು ಕಾದಿರಿಸಿದೆ. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಲೂ ಒಂದು ವರ್ಷ ಬೇರೆಯಾಗಿದ್ದಿರಬೇಕು, ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ತಕ್ಕ ಸಂದರ್ಭದಲ್ಲಷ್ಟೇ ಆ ಆರು ತಿಂಗಳನ್ನು ಮನ್ನಾ ಮಾಡಬಹುದು. ಆ ಅವಧಿಯಲ್ಲಿ ಕೈಯಲ್ಲಿ ನಾಲ್ಕು ಕಾಸು, ಮಲಗಲೊಂದು ಕೋಣೆ ಇರುವವರು ಮಾತ್ರ ನಿಜವಾಗಿ ಯೋಚಿಸಬಲ್ಲರು. ಅವರು ಹಿಂದಿರುಗಿದರೆ ಮನಸಾರೆ ಹಿಂದಿರುಗುತ್ತಾರೆ. ಹೋಗಲು ಬೇರೆ ಜಾಗವಿಲ್ಲದೆ ಹಿಂದಿರುಗಿದವರನ್ನು ತೋರಿಸಿ ಸಂಸಾರ ಉಳಿಯಿತು ಎನ್ನುವುದನ್ನು ನಾನು ಒಪ್ಪಲಾರೆ.

ಗಂಡಸರ ಬಗ್ಗೆಯೂ ಹೇಳಲೇಬೇಕು. ಅವರಿಗೆ ವಕೀಲರ ನಂಬರ್ ಕೊಡುವವರು ಹತ್ತು ಜನ ಸಿಗುತ್ತಾರೆ, ಊಟ ಮಾಡಿದೆಯಾ ಎಂದು ಕೇಳುವವರು ಸಿಗುವುದಿಲ್ಲ. 14416 ಅವರಿಗೂ ಇದೆ, ಆದಾಯ ಕಡಿಮೆಯಿದ್ದರೆ ಕಾನೂನು ನೆರವೂ ಇದೆ.

ಓದುಗರೇ, ನಿಮ್ಮ ಬಳಗದಲ್ಲಿ ಯಾರಾದರೂ ಈ ಹಾದಿಯಲ್ಲಿದ್ದರೆ ಏನಾಯಿತು, ಯಾಕಾಯಿತು ಎಂದು ವಿಚಾರಿಸಬೇಡಿ. ಮುಂದಿನ ವಾಯಿದೆ ಯಾವತ್ತು ಎಂದು ಕೇಳಿ, ಆ ದಿನ ಮಗುವನ್ನು ಶಾಲೆಯಿಂದ ಕರೆತರುವ ಕೆಲಸ ನಿಮ್ಮದೆಂದು ಹೇಳಿ.